ಬಿಳಿ ಗುಹೆ ಬಿಟ್ಟು ಬರಬೇಡಿ

ಪ್ರಶ್ನೆ: ಮಗಳು ಇಟಲಿಯ ಬಾರಿ ನಗರದಲ್ಲಿ ಓದುತ್ತಿದ್ದಾಳೆ. ಅಕ್ಟೋಬರಿನಲ್ಲಿ ನಾವು ಅವಳ ಹತ್ತಿರ ಹೋಗುತ್ತಿದ್ದೇವೆ. ಕಾಸ್ತೆಲ್ಲಾನ ಗ್ರೋತ್ತೆ ಅನ್ನುವ ಊರಿನ ಗುಹೆ ನೋಡಲೇಬೇಕು ಅನ್ನುತ್ತಾಳೆ. ನಮ್ಮ ಯಜಮಾನರಿಗೆ ಮಂಡಿನೋವು. ಒಂದು ದಿನ ಅದಕ್ಕೆ ಕೊಡಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಕೊಡಿ. ಬಾರಿಯಿಂದ ಸುಮಾರು 40 ಕಿ.ಮೀ. ಅಷ್ಟೇ. ಆದರೆ ಟಿಕೆಟ್ ತಗೊಳ್ಳುವಾಗ ನನ್ನ ಹಾಗೆ ಜಿಪುಣತನ ಮಾಡಬೇಡಿ. ಅಲ್ಲಿ ಗೈಡ್ ಜೊತೆಗೇ ಹೋಗಬೇಕು. ಒಂದು ಸುತ್ತು ಸುಮಾರು 1 ಕಿ.ಮೀ., ಇನ್ನೊಂದು 3 ಕಿ.ಮೀ. ಗುಹೆ ಅಂದರೆ ಎಲ್ಲಾ ಒಂದೇ ಅಲ್ವಾ ಅಂತ ನಾನು ಚಿಕ್ಕದಕ್ಕೇ ಹೋದೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ಎಲ್ಲರೂ ಹೊಗಳುವ ಗ್ರೋತ್ತ ಬಿಯಾಂಕ, ಅಂದರೆ ಬಿಳಿ ಗುಹೆ, ಉದ್ದನೆಯ ಸುತ್ತಿನ ತುದಿಯಲ್ಲಿದೆಯಂತೆ! ಎರಡು ವರ್ಷ ಕಳೆದು ಮತ್ತೆ ಹೋಗಿಬಂದೆ.

ಮೊದಲು ಸಿಗುವುದು ಗ್ರಾವೆ. ಸುಮಾರು 60 ಮೀಟರ್ ಆಳದ ಹಜಾರ. ಚಾವಣಿ ಕುಸಿದು ಆದ ತೂತಿನಿಂದ ಬಿಸಿಲು ಕೋಲಿನಂತೆ ಕೆಳಗೆ ಇಳಿಯುತ್ತದೆ. ಹಿಂದೆ ಈ ಬಾಯಿಂದ ಆವಿ ಏಳುವುದನ್ನು ಕಂಡು ಊರವರು ಹೆದರುತ್ತಿದ್ದರಂತೆ. ಹೆದರಿಕೆ ಇದ್ದರೂ ಕಸ ಮಾತ್ರ ಅದರೊಳಕ್ಕೇ ಸುರಿಯುತ್ತಿದ್ದರು! 1938ರ ಜನವರಿಯಲ್ಲಿ ಫ್ರಾಂಕೊ ಅನೆಲ್ಲಿ ಅನ್ನುವ ಗುಹೆತಜ್ಞ ಅದರೊಳಗೆ ಇಳಿದರು. ಮುಂದಕ್ಕೆ ದಾರಿ ಇರುವುದು ಗೊತ್ತಾಯಿತು. ಅದೇ ಊರಿನ ವೀತೊ ಮತರ್ರೇಸೆ ಇನ್ನೂ ಒಳಗೆ ನುಗ್ಗಿದರು. ಆಮೇಲೆ ಊರಿನ ಅದೃಷ್ಟವೇ ಬದಲಾಯಿತು. ಬರೀ ಕಾಸ್ತೆಲ್ಲಾನ ಆಗಿದ್ದ ಹೆಸರಿಗೆ 1950ರಲ್ಲಿ 'ಗ್ರೋತ್ತೆ', ಅಂದರೆ ಗುಹೆಗಳು, ಸೇರಿಕೊಂಡಿತು.

ಬಿಳಿ ಗುಹೆಯಲ್ಲಿ ನಾನು ನಿಂತುಬಿಟ್ಟಿದ್ದು ಒಂದು ಹನಿಯ ಮುಂದೆ. ಮೇಲಿಂದ ಜೋತುಬಿದ್ದ ಸುಣ್ಣದ ಕಡ್ಡಿ, ಶ್ಯಾವಿಗೆ ಎಳೆಯಷ್ಟು ಸಣ್ಣದು. ತುದಿಯಲ್ಲಿ ನೀರು ತುಂಬಿಕೊಳ್ಳುತ್ತದೆ, ನಡುಗುತ್ತದೆ, ಬೀಳುವುದೇ ಇಲ್ಲ. ಅಷ್ಟರಲ್ಲಿ ಅದರಲ್ಲಿದ್ದ ಸುಣ್ಣದ ಚೂರು ಕಡ್ಡಿಗೆ ಅಂಟಿಕೊಳ್ಳುತ್ತದೆ. ಹೀಗೇ ಸಾವಿರಾರು ವರ್ಷ. ಗೈಡ್ ಕರೆದರೂ ನಾನು ಕದಲಲಿಲ್ಲ, ಬೈಸಿಕೊಂಡೆ. ಫೋಟೊ ತೆಗೆಯಲು ಬಿಡಲಿಲ್ಲ, ಒಳ್ಳೆಯದೇ ಆಯಿತು.

ಮಂಡಿಯ ವಿಷಯ. ಇಳಿಯಲು ಮೆಟ್ಟಿಲು ಜಾಸ್ತಿ, ನೆಲ ಒದ್ದೆ. ವಾಪಸ್ ಬರುವಾಗ ನಮ್ಮನ್ನು ಲಿಫ್ಟಿನಲ್ಲಿ ಹತ್ತಿಸಿದ್ದರು. ಅದು ಕೆಲಸ ಮಾಡುತ್ತಿದೆಯೇ ಅಂತ ಮಗಳ ಕೈಲಿ ಮೊದಲೇ ವಿಚಾರಿಸಿ. ಯಜಮಾನರು ಬೇಕಾದರೆ ಚಿಕ್ಕ ಸುತ್ತು ಮುಗಿಸಿ ಹೊರಗೆ ಕಾಫಿ ಕುಡಿಯುತ್ತಾ ಕೂರಲಿ. ಬಿಳಿ ಗುಹೆಗೆ ನೀವು ತಾಯಿ ಮಗಳು ಹೋಗಿಬನ್ನಿ. ಹಿಡಿತ ಇರುವ ಶೂ ಹಾಕಿ. ಒಳಗೆ ವರ್ಷವಿಡೀ 16ರಿಂದ 18 ಡಿಗ್ರಿ, ತೆಳ್ಳನೆಯ ಒಂದು ಸ್ವೆಟರ್ ಸಾಕು.