ವೃತ್ತಿ ಪ್ರಶ್ನೋತ್ತರ: ಕೆಲಸದ ಜೊತೆಗೇ ಸಿಸಿಎನ್‌ಎ ಓದಬಹುದೇ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಮುಗಿಸಿದವನು. ಒಂದು ಸಹಕಾರಿ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಪ್ರಿಂಟರ್ ಕೆಟ್ಟರೂ ನಾನೇ, ಇಂಟರ್ನೆಟ್ ನಿಂತರೂ ನಾನೇ. ನೆಟ್‌ವರ್ಕ್ ಎಂಜಿನಿಯರ್ ಆಗಬೇಕೆಂಬ ಆಸೆಯಿಂದ ನೆಟ್‌ವರ್ಕ್ ಸಲಕರಣೆ ತಯಾರಿಸುವ ಸಿಸ್ಕೋ ಕಂಪನಿಯ ಸಿಸಿಎನ್‌ಎ ಪ್ರಮಾಣಪತ್ರದ ಪರೀಕ್ಷೆಗೆ ಮನಸ್ಸು ಮಾಡಿದ್ದೇನೆ. ತರಬೇತಿ ಕೇಂದ್ರದವರು 40,000 ರೂಪಾಯಿ ಕೇಳುತ್ತಾರೆ. ತರಗತಿಯೋ ನನ್ನ ಕೆಲಸದ ಹೊತ್ತಿನಲ್ಲೇ. ಸ್ನೇಹಿತ ‘ಡಂಪ್ ಉರು ಹೊಡೆ, ಎರಡು ವಾರ ಸಾಕು’ ಎನ್ನುತ್ತಾನೆ. ಓದಿದ್ದು ಕನ್ನಡ ಮಾಧ್ಯಮ. ಸ್ವಂತ ಓದಿನಿಂದ ಆಗುತ್ತದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆಗುತ್ತದೆ. ಆ ದುಡ್ಡು ಸದ್ಯಕ್ಕೆ ನಿಮ್ಮ ಖಾತೆಯಲ್ಲೇ ಇರಲಿ. ಪರೀಕ್ಷೆಯ ಶುಲ್ಕವೇ 300 ಡಾಲರ್, ಮೇಲೆ ತೆರಿಗೆ. ಪದವಿಯಾಗಲಿ, ತರಗತಿಯ ಹಾಜರಾತಿಯಾಗಲಿ ಯಾರೂ ಕೇಳುವುದಿಲ್ಲ. ಕೇಂದ್ರದವರು ಇದನ್ನು ಹೇಳಿರಲಾರರು, ಹೇಳಿದರೆ ಅವರ ವ್ಯಾಪಾರ ನಡೆಯಬೇಕಲ್ಲ.

ಮೊದಲು ಸಿಸ್ಕೋ ಜಾಲತಾಣದಿಂದ 200-301 ಎಂಬ ಸಂಖ್ಯೆಯ ಈ ಪರೀಕ್ಷೆಯ ಪಠ್ಯಕ್ರಮ ಇಳಿಸಿಕೊಂಡು ಮುದ್ರಿಸಿಕೊಳ್ಳಿ. ರೂಟಿಂಗ್ ಭಾಗಕ್ಕೇ ಶೇ. 25 ತೂಕ, ಮೂಲಾಂಶಗಳಿಗೆ ಮತ್ತು ಸ್ವಿಚಿಂಗ್‌ಗೆ ತಲಾ ಶೇ. 20. ಓದುವ ಹೊತ್ತನ್ನೂ ಇದೇ ಲೆಕ್ಕದಲ್ಲಿ ಹಂಚಿಕೊಳ್ಳಿ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಅಗ್ಗದ ಪುಸ್ತಕ ಕಣ್ಣಿಗೆ ಬಿದ್ದರೆ ರಕ್ಷಾಪುಟ ನೋಡಿ. 200-125 ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆ ಪರೀಕ್ಷೆ 2020ರ ಫೆಬ್ರವರಿಯಲ್ಲೇ ನಿಂತುಹೋಗಿದೆ.

ಓದುವುದಕ್ಕಿಂತ ಹೆಚ್ಚು ಹೊತ್ತು ಕೈ ಆಡಬೇಕು. ಕಂಪ್ಯೂಟರಿನ ಪರದೆಯ ಮೇಲೆಯೇ ಜಾಲ ಕಟ್ಟಿ ನೋಡಲು ಸಿಸ್ಕೋದವರದೇ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವಿದೆ. ಅವರ ಕಲಿಕಾ ತಾಣವಾದ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಉಚಿತ. ಎಸ್.ಪಿ. ರಸ್ತೆಯಿಂದ ಹಳೆಯ ಸ್ವಿಚ್ ಹೊತ್ತು ತರುವ ಹುಮ್ಮಸ್ಸು ಬೇಡ. ರಾತ್ರಿ ಅದರ ಫ್ಯಾನ್ ಗೊರಗುಟ್ಟಿದರೆ ಮನೆಯವರ ಸಹಕಾರ ಅಂದಿಗೇ ಮುಗಿಯುತ್ತದೆ.

ಪ್ಯಾಕೆಟ್ ಟ್ರೇಸರ್‌ನಲ್ಲಿ ಒಂದು ರೂಟರಿನ ಆಚೀಚೆ ಎರಡು ಕಂಪ್ಯೂಟರ್ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ ಕೊಟ್ಟು ನೋಡಿ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳುವ ನಾಲ್ಕು ಪುಟ್ಟ ಸಂದೇಶ. ಸಾಮಾನ್ಯವಾಗಿ ಮೊದಲನೆಯದಕ್ಕೆ ಉತ್ತರವೇ ಬರುವುದಿಲ್ಲ, ಉಳಿದ ಮೂರಕ್ಕೆ ಬರುತ್ತದೆ. ಹೆಚ್ಚಿನವರು ‘ಸರಿಹೋಯಿತು’ ಎಂದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ನೀವು ಅಲ್ಲೇ ನಿಲ್ಲಿ. ಆಚೆ ಬದಿಯ ಕಂಪ್ಯೂಟರಿನ ಐಪಿ ವಿಳಾಸ ರೂಟರಿಗೆ ಗೊತ್ತು, ಅದರ ಜಾಲ ಕಾರ್ಡಿನ ಮ್ಯಾಕ್ ವಿಳಾಸ ಗೊತ್ತಿಲ್ಲ. ‘ಈ ಐಪಿ ಯಾರದು?’ ಎಂದು ಎಆರ್‌ಪಿ ಮೂಲಕ ಕೂಗಿ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದುಹೋಗಿರುತ್ತದೆ. ಸಿಮ್ಯುಲೇಶನ್ ಮೋಡ್‌ನಲ್ಲಿ ಒಂದೊಂದೇ ಹೆಜ್ಜೆ ನಡೆಸಿದರೆ ಇಡೀ ಮಾತುಕತೆ ಕಣ್ಣಿಗೆ ಕಾಣುತ್ತದೆ. ಕಳೆದುಹೋದ ಆ ಒಂದು ಪಿಂಗ್ ಹಿಡಿದು ಹೊರಟವನಿಗೆ ಎತರ್ನೆಟ್, ಐಪಿ, ಗೇಟ್‌ವೇ ಮೂರೂ ಒಟ್ಟಿಗೆ ಅರ್ಥವಾಗುತ್ತವೆ.

ದೊಡ್ಡ ಜಾಲವನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಸಬ್‌ನೆಟ್ ಲೆಕ್ಕ ದಿನವೂ ಕಾಗದದ ಮೇಲೆ ಮಾಡಿ. 192.168.10.77, ಮಾಸ್ಕ್ 26 ಬಿಟ್. ವಿಳಾಸದ 32 ಬಿಟ್‌ಗಳಲ್ಲಿ ಉಳಿದ 6ಕ್ಕೆ 64 ವಿಳಾಸ. ಗುಂಪಿಗೆ 64ರಂತೆ ಹೋದರೆ 0, 64, 128, 192. ನಮ್ಮ 77 ಬೀಳುವುದು ಎರಡನೆಯ ಗುಂಪಿನಲ್ಲಿ. ಜಾಲದ ವಿಳಾಸ 64, ಬ್ರಾಡ್‌ಕಾಸ್ಟ್ 127, ನಡುವೆ ಬಳಸಲು 62 ವಿಳಾಸ. ನೀವು ಬಿ.ಕಾಂ. ಓದಿದವರು, ಲೆಡ್ಜರ್ ಮುಂದೆ ಇದು ಯಾವ ಲೆಕ್ಕ! ಆದರೆ ಮಗ್ಗಿಯಷ್ಟು ಸಲೀಸಾಗಿ ಬರಬೇಕು. ಪರೀಕ್ಷೆ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ.

ಇನ್ನು ನಿಮ್ಮ ಸ್ನೇಹಿತರ ಡಂಪ್. ಕದ್ದ ಪ್ರಶ್ನೆಪತ್ರಿಕೆ ಎಂಬ ಕನ್ನಡದ ಮಾತಿರುವಾಗ ಇಂಗ್ಲಿಷ್ ಹೆಸರೇಕೆ? ಸಿಸ್ಕೋಗೆ ಗೊತ್ತಾದರೆ ಫಲಿತಾಂಶ ರದ್ದಾಗಬಹುದು, ಮುಂದೆ ಪರೀಕ್ಷೆ ಬರೆಯದಂತೆ ನಿಷೇಧವೂ ಬರಬಹುದು. ಗೊತ್ತಾಗಲಿಲ್ಲ ಎನ್ನಿ, ಆಗ ಸಂದರ್ಶನದಲ್ಲಿ ನನ್ನಂಥವರ ಕೈಗೆ ಸಿಗುತ್ತೀರಿ. ನಾನು ಎರಡು ಸ್ವಿಚ್ ಬರೆದು, ಎರಡರಲ್ಲೂ ವಿಲ್ಯಾನ್ 10ರಲ್ಲಿ (ಸ್ವಿಚ್ಚಿನೊಳಗೆ ಬೇರೆ ಮಾಡಿದ ಒಂದು ಜಾಲ) ಒಂದೊಂದು ಕಂಪ್ಯೂಟರ್ ಇಟ್ಟು, ‘ಪಿಂಗ್ ಹೋಗುತ್ತಿಲ್ಲ, ಎಲ್ಲಿಂದ ನೋಡುತ್ತೀರಿ?’ ಎಂದು ಕೇಳುತ್ತೇನೆ. ಕೈಯಾಡಿಸಿದವರು ಎರಡು ಸ್ವಿಚ್ ಜೋಡಿಸುವ ಟ್ರಂಕ್ ಪೋರ್ಟ್‌ನಲ್ಲಿ ವಿಲ್ಯಾನ್ 10ಕ್ಕೆ ಅನುಮತಿ ಇದೆಯೇ ಎನ್ನುತ್ತಾರೆ. ಚುರುಕಿನವರು ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆಯುತ್ತಿರಬಹುದು ಎಂದೂ ಸೇರಿಸುತ್ತಾರೆ. ಉರು ಹೊಡೆದವರು ಟ್ರಂಕ್‌ನ ವ್ಯಾಖ್ಯೆ ಒಪ್ಪಿಸುತ್ತಾರೆ.

ಕನ್ನಡ ಮಾಧ್ಯಮದ ಅಳುಕು ಬಿಡಿ. ಪರೀಕ್ಷೆಯ ಇಂಗ್ಲಿಷ್ ಒಣ ಇಂಗ್ಲಿಷ್. ಒಂದೇ ಬಗೆಯ ವಾಕ್ಯಗಳು, ತಿರುಗಿ ತಿರುಗಿ ಅವೇ ಪದಗಳು. ಟಿಪ್ಪಣಿ ಕನ್ನಡದಲ್ಲೇ ಬರೆದುಕೊಳ್ಳಿ, ಪರಿಭಾಷೆ ಮಾತ್ರ ಇದ್ದಂತೆ ಇರಲಿ.

ನಿಮ್ಮ ಕಚೇರಿಯಲ್ಲಿ ಯಾವ ಕೇಬಲ್ ಯಾವ ಪೋರ್ಟಿಗೆ ಹೋಗಿದೆ ಎಂಬ ನಕ್ಷೆ ಇದೆಯೇ? ಇರಲಾರದು. ಮೇಲಧಿಕಾರಿಯ ಒಪ್ಪಿಗೆ ಪಡೆದು ನೀವೇ ಬರೆಯಿರಿ. ಅವರಿಗೂ ಉಪಕಾರ, ಸಂದರ್ಶನದಲ್ಲಿ ನಿಮಗೂ ಹೇಳಲು ಒಂದು ಕೆಲಸ. ಆದರೆ ನಡೆಯುತ್ತಿರುವ ಸ್ವಿಚ್‌ನ ಸಂರಚನೆಯ ಮೇಲೆ ಅಭ್ಯಾಸ ಮಾಡಲು ಹೋಗಬೇಡಿ. ಗ್ರಾಹಕರು ಸಾಲಿನಲ್ಲಿ ನಿಂತಿರುವಾಗ ಜಾಲ ಬಿದ್ದರೆ ಪ್ರಮಾಣಪತ್ರಕ್ಕೆ ಮೊದಲು ನೋಟಿಸ್ ಬರುತ್ತದೆ.

ಮನೆಯಿಂದಲೂ ಪರೀಕ್ಷೆ ಬರೆಯಬಹುದು. ಆದರೆ ಕೋಣೆಗೆ ಯಾರಾದರೂ ಕಾಲಿಟ್ಟರೆ ಅಲ್ಲಿಗೇ ನಿಲ್ಲಿಸಬಹುದು. ಕರೆಂಟಿನ ಪಾಡು ನಿಮಗೇ ಗೊತ್ತು. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಕೇಂದ್ರಕ್ಕೇ ಹೋಗಿ ಬರೆಯಿರಿ.

ಪ್ರಶ್ನೆ: ಕುಂದಾಪುರದವನು, ಮಸ್ಕತ್‌ನಲ್ಲಿ ಕೆಲಸ. ನನ್ನ ಸಿಸಿಎನ್‌ಎ ಅವಧಿ ಮುಂದಿನ ವರ್ಷ ಮುಗಿಯುತ್ತದೆ. ಮೂರು ವರ್ಷಕ್ಕೊಮ್ಮೆ ಅದೇ ಪರೀಕ್ಷೆಗೆ ದುಡ್ಡು ಸುರಿಯುವುದು ನ್ಯಾಯವೇ?
— ಓದುಗ, ಮಸ್ಕತ್

ಉತ್ತರ: ನ್ಯಾಯದ ಮಾತು ಬಿಡಿ, ಅದು ಅವರ ಅಂಗಡಿ. ಆದರೆ ಅದೇ ಪರೀಕ್ಷೆ ಮತ್ತೆ ಬರೆಯಬೇಕಿಲ್ಲ. ಸಿಸ್ಕೋ ಒಪ್ಪುವ ತರಬೇತಿಗಳಿಂದ 30 ಅಂಕ ಕೂಡಿಸಿದರೂ ನವೀಕರಣವಾಗುತ್ತದೆ. ನಾನಾದರೆ 350-401 ಬರೆಯುತ್ತಿದ್ದೆ. ಎನ್‌ಕೋರ್ ಎಂದು ಕರೆಯುವ ಆ ಪರೀಕ್ಷೆ ಪಾಸಾದರೆ ಸಿಸಿಎನ್‌ಎ ತಾನಾಗಿ ನವೀಕರಣ, ಮುಂದಿನ ಹಂತದ ಪ್ರಮಾಣಪತ್ರವಾದ ಸಿಸಿಎನ್‌ಪಿಯ ಅರ್ಧ ದಾರಿಯೂ ಮುಗಿದಂತೆ. ಉಳಿದರ್ಧಕ್ಕೆ ವಿಶೇಷ ವಿಷಯವೊಂದನ್ನು ಆರಿಸಿಕೊಳ್ಳಬೇಕು. ರೂಟಿಂಗ್ ಇಷ್ಟವಾದರೆ 300-410 ಪರೀಕ್ಷೆ. ನಿಮಗೆ ಒಂದು ವರ್ಷ ಇದೆ, ಎನ್‌ಕೋರ್‌ಗೆ ಅಷ್ಟು ಬೇಕೇ ಬೇಕು. ಮುಂದಿನ ರಜೆಯಲ್ಲಿ ಊರಿಗೆ ಬರುವ ಮೊದಲೇ ಶುರು ಮಾಡಿ. ಊರಿಗೆ ಬಂದ ಮೇಲೆ ಯಾರೂ ಓದುವುದಿಲ್ಲ.