ಬೇರೆ ಬೇರೆ ಪಂಗಡದ ಕ್ರೈಸ್ತರು ನಿಜವಾಗಿಯೂ ಒಂದಾಗಲು ಸಾಧ್ಯವೇ?

ಸಾಧ್ಯ. ನಮ್ಮ ದಕ್ಷಿಣ ಭಾರತದಲ್ಲೇ ಆಗಿದೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿನ ಪರಂಪರೆಯವರು), ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಸೇರಿ ಒಂದೇ ಸಭೆ, ಅಂದರೆ ಒಂದೇ ಚರ್ಚ್ ಆದರು. ಅದೇ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಆರು ವಾರ. ಆಂಗ್ಲಿಕನ್ ಸಭೆ ಎಂದರೆ ಆಳುವವರ ಸಭೆ ಎಂಬ ಭಾವನೆ ಹಲವರಲ್ಲಿತ್ತು. ಹಾಗಿದ್ದೂ ಜೊತೆಗೂಡಿದರು.

ಇದು ಸುಮ್ನೆ ಆಗಲಿಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆಗೆ 28 ವರ್ಷ ಹಿಡಿಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಯ್ಯ 1945ರಲ್ಲೇ ತೀರಿಕೊಂಡರು, ಆ ದಿನ ನೋಡಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಜಾಸ್ತಿ ಕಷ್ಟ ಕೊಟ್ಟದ್ದು ಬಿಷಪ್‌ರ ಪ್ರಶ್ನೆ. ಆಂಗ್ಲಿಕನ್ನರಿಗೆ ಬಿಷಪ್ ಕೈಯಿಟ್ಟು ಅಭಿಷೇಕ ಮಾಡದಿದ್ದರೆ ಪಾದ್ರಿಯೇ ಅಲ್ಲ. ಉಳಿದವರಲ್ಲಿ ಬಿಷಪ್ಪರೇ ಇರಲಿಲ್ಲ. ಹಾಗಾದರೆ ವರ್ಷಗಟ್ಟಲೆ ಸೇವೆ ಮಾಡಿದ ಪಾದ್ರಿಗಳಿಗೆ ಮತ್ತೆ ಅಭಿಷೇಕ ಮಾಡಬೇಕೇ? ಬೇಡ ಎಂದು ತೀರ್ಮಾನಿಸಿದರು. ಇರುವವರನ್ನು ಇದ್ದಂತೆ ಒಪ್ಪಿಕೊಂಡರು. ಹೊಸಬರಿಗೆ ಮಾತ್ರ ಬಿಷಪ್ಪರೇ ಅಭಿಷೇಕ ಮಾಡಬೇಕು ಎಂದರು. ಯಾರೂ ಯಾರನ್ನೂ ಕೀಳು ಮಾಡಲಿಲ್ಲ. ನನ್ನ ಪ್ರಕಾರ ಇಡೀ ಒಪ್ಪಂದದ ಜೀವ ಇಲ್ಲೇ ಇದೆ.

ಎಲ್ಲರೂ ಬರಲಿಲ್ಲ, ನಿಜ. ಲುಥೆರನ್ನರು, ಬ್ಯಾಪ್ಟಿಸ್ಟರು ಹೊರಗೇ ಉಳಿದರು. ಆದರೆ ಒಂದೇ ಸಭೆಯಾಗದೆಯೂ ಜೊತೆಗೆ ಕೆಲಸ ಮಾಡಬಹುದು ಅಲ್ವಾ? 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೇರೆ ಬೇರೆ ಪಂಗಡದವರು ಇಂದಿಗೂ ಒಟ್ಟಿಗೇ ಓದುತ್ತಾರೆ.