ಹಸಿ ಕಾಫಿಯನ್ನೇ ಹಲ್ಲರ್‌ಗೆ ಹಾಕುವ ಗಾಯೋ ಪದ್ಧತಿ ನಮಗೆ ಆದೀತೇ?

ಕೊಪ್ಪದ ಮಿತ್ರರು ಕೇಳಿರುವುದು ಇಷ್ಟು: ಕೊಯ್ಲಿನ ನಡುವೆ ಮಳೆ ಹಿಡಿದು ಕಣದಲ್ಲಿದ್ದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಹೊಟ್ಟಿನ ಸಮೇತದ ಕಾಫಿ ಬೀಜ) ಮುಗ್ಗಿಹೋಯಿತು. ಇಂಡೊನೇಷ್ಯಾದ ಸುಮಾತ್ರಾದಲ್ಲಿ ಕಾಫಿ ಪೂರ್ತಿ ಒಣಗುವ ಮೊದಲೇ ಮೇಲಿನ ಹೊಟ್ಟು ತೆಗೆದು ಬೇಗ ಒಣಗಿಸುವ ವಿಡಿಯೊ ನೋಡಿದ್ದೇನೆ, ಅಂಥ ಹಲ್ಲರ್ (ಹೊಟ್ಟು ತೆಗೆಯುವ ಯಂತ್ರ) ತರಿಸಿದರೆ ಹೇಗೆ ಎಂದು.

ಯಂತ್ರ ತರಿಸಬೇಡಿ. ಕಾರಣ ಹೇಳುವುದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯಬೇಕಾಗುತ್ತದೆ. 2019ರ ನವೆಂಬರಿನಲ್ಲಿ ಆ ಊರುಗಳಲ್ಲಿ ಐದು ದಿನ ಇದ್ದು ಕಣ್ಣಾರೆ ನೋಡಿ ಬಂದವನು ನಾನು. ಹೋಗುವಾಗ ನನ್ನ ತಲೆಯಲ್ಲೂ ಇದೇ ಯೋಚನೆ ಇತ್ತು.

ವಿಡಿಯೊದ ಜಾಗ ಸುಮಾತ್ರಾದ ಉತ್ತರ ತುದಿಯಲ್ಲಿರುವ 'ಆಚೆ' (Aceh) ಎಂಬ ಪ್ರಾಂತ್ಯದ ಗಾಯೋ ಗುಡ್ಡಗಾಡು ಇರಬೇಕು. ತಕೆಂಗೋನ್ ಎಂಬ ಪಟ್ಟಣ, ಅದರ ಪಕ್ಕದಲ್ಲಿ ಲಾವುತ್ ತಾವಾರ್ ಎಂಬ ದೊಡ್ಡ ಕೆರೆ. ಹೆಸರಿನ ಅರ್ಥವೇ ಸಿಹಿನೀರಿನ ಕಡಲು. ಕೆರೆಯ ಮಟ್ಟವೇ ಸುಮಾರು 1,200 ಮೀಟರ್ ಎತ್ತರ, ತೋಟಗಳು ಅಲ್ಲಿಂದ ಇನ್ನೂ ಮೇಲೆ. ನಾನು ಉಳಿದದ್ದು ಪೆಗಾಸಿಂಗ್ ಕಡೆಯ ಒಂದು ಪುಟ್ಟ ಹಳ್ಳಿಯಲ್ಲಿ: ತಗಡಿನ ಮಾಡಿನ ಮನೆಗಳು, ನಡುವೆ ಮಸೀದಿ, ಹಿತ್ತಿಲು ದಾಟಿದರೆ ಅರೇಬಿಕಾ. ಎಸ್ಟೇಟ್ ಎನ್ನುವಂಥದ್ದು ಕಣ್ಣಿಗೆ ಬೀಳುವುದೇ ಅಪರೂಪ. ಒಂದು ಕುಟುಂಬಕ್ಕೆ ಒಂದು ಹೆಕ್ಟೇರ್ ಆಸುಪಾಸು. ನೆರಳಿಗೆ ಲಾಮ್ತೊರೊ, ಅಂದರೆ ನಮ್ಮಲ್ಲಿ ಮೇವಿಗೆಂದು ಬೆಳೆಸುವ ಸುಬಾಬುಲ್. ನಡುನಡುವೆ ಬೆಣ್ಣೆಹಣ್ಣು, ಕಿತ್ತಳೆ. ಕಿತ್ತಳೆ ಕಂಡಾಗ ನನಗೆ ಕೊಡಗಿನ ಹಳೆಯ ತೋಟಗಳು ನೆನಪಾದವು.

ಈಗ ಕೆಲಸದ ವಿಷಯ. ಬೆಳಿಗ್ಗೆ ಕೊಯ್ದ ಹಣ್ಣನ್ನು ಮಧ್ಯಾಹ್ನ ಮನೆಯ ಹಿಂದಿನ, ಸಿಪ್ಪೆ ಸುಲಿಯುವ ಕೈಪಲ್ಪರಿಗೆ ಹಾಕುತ್ತಾರೆ. ಬೀಜವನ್ನು ಲೋಳೆಯ ಸಮೇತ ಒಂದು ರಾತ್ರಿ ಬಕೆಟ್ಟಿನಲ್ಲೋ ಚೀಲದಲ್ಲೋ ಬಿಟ್ಟು, ಮರುದಿನ ತೊಳೆದು ಟಾರ್ಪಾಲಿನ ಮೇಲೆ ಹರಡುತ್ತಾರೆ. ಕೆಲವು ಗಂಟೆಯ ಬಿಸಿಲು, ಹೆಚ್ಚೆಂದರೆ ಒಂದು ದಿನ. ಮೇಲಿನ ನೀರು ಆರಿತು ಅನ್ನುವಷ್ಟರಲ್ಲಿ ಬೈಕಿನ ಮೇಲೆ ಕಟ್ಟಿಕೊಂಡು ವರ್ತಕನ ಮನೆಗೆ. ಆತನನ್ನು ಟೊಕೆ ಎನ್ನುತ್ತಾರೆ. ನಿಮ್ಮ ವಿಡಿಯೊದಲ್ಲಿ ಹಲ್ಲರ್ ಇದ್ದಿರಬಹುದು, ಈ ಟೊಕೆ ಇದ್ದಿರಲಾರ. ಇಡೀ ಪದ್ಧತಿ ನಿಂತಿರುವುದು ಇವನ ಮೇಲೆ. ಬೀಜ ಇನ್ನೂ ಶೇ. 30–40 ತೇವವಿರುವಾಗಲೇ ಹಲ್ಲರ್‌ಗೆ ಹಾಕುತ್ತಾರೆ. ಆಮೇಲೆ ಬತ್ತಲೆ ಬೀಜವನ್ನು ಶೇ. 12–13ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಇದಕ್ಕೆ ಅವರ ಮಾತಿನಲ್ಲಿ ಗಿಲಿಂಗ್ ಬಸಾ ಎಂದು ಹೆಸರು. ಹಸಿ ಮಿಲ್ಲಿಂಗ್ ಎಂದುಕೊಳ್ಳಿ.

ಹಲ್ಲರ್ ಓಡುವಾಗ ಪಕ್ಕದಲ್ಲಿ ನಿಂತು ಒಂದು ಹಿಡಿ ಬೀಜ ಕೈಗೆ ತೆಗೆದುಕೊಂಡೆ. ಬೆಚ್ಚಗಿತ್ತು. ಉಗುರು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗೆ, ನೆನೆಸಿದ ಕಡಲೆಬೀಜದ ಹಾಗೆ. ಬಣ್ಣ ನೀಲಿಗೆ ತಿರುಗಿದ ಕಡುಹಸಿರು. ಹತ್ತು ಬೀಜದಲ್ಲಿ ಒಂದೆರಡರ ತುದಿ ಸೀಳಿ ಗೊರಸಿನ ಹಾಗೆ ಎರಡಾಗಿತ್ತು. ಅವರೂ ಅದನ್ನು 'ಆಡಿನ ಉಗುರು' ಎಂದೇ ಕರೆಯುತ್ತಾರೆ. ಹಸಿ ಹೊಟ್ಟು ಬೀಜಕ್ಕೆ ಅಂಟಿಕೊಂಡಿರುವುದರಿಂದ ಯಂತ್ರ ಹೆಚ್ಚು ಬಲ ಹಾಕಿ ಉಜ್ಜಬೇಕಾಗುತ್ತದೆ. ಮೆತ್ತಗಿನ ಬೀಜ ಆ ಪೆಟ್ಟು ತಾಳುವುದಿಲ್ಲ. ಒಣ ಪಾರ್ಚ್‌ಮೆಂಟಿಗೆ ಮಾಡಿದ ನಮ್ಮ ಹಲ್ಲರಿನಲ್ಲಿ ಇದನ್ನು ಹಾಕಿದರೆ ಉಂಡೆ ಕಟ್ಟಿ ಸಿಕ್ಕಿಕೊಳ್ಳುತ್ತದೆ, ಅದನ್ನಂತೂ ಪರೀಕ್ಷಿಸಲು ಹೋಗಬೇಡಿ.

ಅವರು ಹೀಗೆ ಮಾಡುವುದು ಏಕೆ? ಸಮಭಾಜಕಕ್ಕೆ ಹತ್ತಿರದ ಊರು, ವರ್ಷದ ಹೆಚ್ಚಿನ ತಿಂಗಳು ಮಳೆ. ನಮ್ಮಲ್ಲಿ ಮಾರ್ಚ್–ಏಪ್ರಿಲ್ ಹೂಮಳೆ ಬಿದ್ದು ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುವಂತೆ ಅಲ್ಲಿ ಆಗುವುದಿಲ್ಲ. ಒಂದೇ ಗಿಡದಲ್ಲಿ ಹೂ, ಕಾಯಿ, ಹಣ್ಣು ಮೂರೂ ಕಾಣುತ್ತವೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಯ್ಲು. ಅಷ್ಟಕ್ಕೆ ಯಾರೂ ದೊಡ್ಡ ಕಣ ಕಟ್ಟಿಸುವುದಿಲ್ಲ, ಹತ್ತು ದಿನ ಬಿಸಿಲು ಕಾಯುವುದೂ ಇಲ್ಲ. ವಾರದ ಖರ್ಚಿಗೆ ಹಣ ಬೇಕು, ಟೊಕೆ ಹಸಿಯನ್ನೇ ಅಳೆದು ಹಣ ಕೊಡುತ್ತಾನೆ. ಹಣ್ಣಿಗೆ ಅಲ್ಲಿ 'ಬಂಬು' ಎಂಬ ಅಳತೆ ಇದೆ, ನಮ್ಮ ಹಳೆಯ ಸೇರಿನ ಹಾಗೆ ಗಾತ್ರದ ಲೆಕ್ಕ. ಹಸಿ ಮಾಲಿನ ನಷ್ಟವನ್ನೆಲ್ಲ ಟೊಕೆ ಮೊದಲೇ ಬೆಲೆಯಲ್ಲಿ ಮುರಿದುಕೊಂಡಿರುತ್ತಾನೆ. ಕೊಳ್ಳುವ ದೇಶಗಳೂ ಆ ರುಚಿಗೆ ಒಗ್ಗಿವೆ: ದಪ್ಪ ಕಷಾಯ, ಹುಳಿ ಕಡಿಮೆ, ಹಿಂದೆ ಮಣ್ಣಿನ ಒಂದು ವಾಸನೆ. ಗಾಯೋ ಅರೇಬಿಕಾ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ.

ನೀವು ಅದೇ ಬೀಜವನ್ನು ಚಿಕ್ಕಮಗಳೂರಿಗೆ ಒಯ್ದರೆ ಏನಾಗುತ್ತದೆ? ನಮ್ಮ ವ್ಯಾಪಾರ ನಡೆಯುವುದು ಒಣ ಪಾರ್ಚ್‌ಮೆಂಟಿನ ಮೇಲೆ. ಹೊಟ್ಟು ತೆಗೆಯುವುದು ಕ್ಯೂರಿಂಗ್ ವರ್ಕ್ಸ್‌ನವರ ಕೆಲಸ. ಹಸಿರು-ನೀಲಿ ಬಣ್ಣದ, ತುದಿ ಸೀಳಿದ ಬೀಜ ಕಂಡರೆ ಅವರು ಮಾಲು ಕೆಟ್ಟಿದೆ ಎಂದೇ ಬರೆಯುತ್ತಾರೆ, ಔಟ್‌ಟರ್ನ್ (ಪಾರ್ಚ್‌ಮೆಂಟಿನಿಂದ ಎಷ್ಟು ಬೀಜ ಸಿಕ್ಕಿತು ಎನ್ನುವ) ಲೆಕ್ಕವೂ ಹೊಂದುವುದಿಲ್ಲ. ಇನ್ನೊಂದು ಮಾತು: ಹೊಟ್ಟು ಬೀಜಕ್ಕೆ ಕವಚ. ಅದನ್ನು ತೆಗೆದ ಮೇಲೆ ಮತ್ತೆ ಎರಡು ದಿನ ಮಳೆ ಬಂದರೆ ಬೂಷ್ಟು ನೇರವಾಗಿ ಬೀಜಕ್ಕೇ ಹಿಡಿಯುತ್ತದೆ. ಪಾರ್ಚ್‌ಮೆಂಟ್ ಮುಗ್ಗಿದರೆ ಸ್ವಲ್ಪವಾದರೂ ಉಳಿಯುತ್ತಿತ್ತು, ಇದು ಉಳಿಯುವುದಿಲ್ಲ. ತೇವದಿಂದ ಬಂದ ರುಚಿ ನಮ್ಮಲ್ಲೂ ಮಾರಾಟವಾಗುತ್ತದೆ ನಿಜ. ಕರಾವಳಿಯ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಉಬ್ಬಿಸುವ ಮಾನ್ಸೂನ್ಡ್ ಮಲಬಾರ್ ಇದೆಯಲ್ಲ. ಆದರೆ ಅದು ಮೊದಲು ಚೆನ್ನಾಗಿ ಒಣಗಿದ ಕಾಫಿ, ಕೊಳ್ಳುವವರೂ ಮೊದಲೇ ಗೊತ್ತಿರುತ್ತಾರೆ.

ಹಾಗಾದರೆ ಮಳೆಗೆ ಏನು ಮಾಡುವುದು? ಗಾಯೋದಿಂದ ನಾನು ತಂದದ್ದು ಹಲ್ಲರ್ ಅಲ್ಲ, ಮಂಚ. ರುಚಿಗೆ ಹೆಚ್ಚಿನ ಬೆಲೆ ಪಡೆಯುವ ಕೆಲವರು ಅಲ್ಲಿಯೂ ಗಿಲಿಂಗ್ ಬಸಾ ಬಿಟ್ಟು, ಪ್ಲಾಸ್ಟಿಕ್ ಮಾಡಿನ ಕೆಳಗೆ ಸೊಂಟದ ಎತ್ತರದ ಜಾಲರಿ ಮಂಚಗಳ ಮೇಲೆ ಪಾರ್ಚ್‌ಮೆಂಟನ್ನೇ ಪೂರ್ತಿ ಒಣಗಿಸುತ್ತಿದ್ದರು. ನಾನು ಅಡಿಕೆ ದಬ್ಬೆ, ನೈಲಾನ್ ಜಾಲರಿ, ಯುವಿ ಶೀಟು ಹಾಕಿ ನಾಲ್ಕು ಮಂಚ ಮಾಡಿಸಿದೆ. ಮಾಡಿನ ಎರಡೂ ತುದಿ ತೆರೆದಿಡಿ. ಮೊದಲ ವರ್ಷ ನಾನು ಚಳಿಗೆ ಹೆದರಿ ಮುಚ್ಚಿಟ್ಟು, ಒಳಗೆ ಬೆವರಿ, ಒಂದು ಮಂಚದ ಮಾಲು ಕೆಡಿಸಿಕೊಂಡೆ. ಮೊದಲ ಎರಡು ದಿನ ಒಂದು ಅಂಗುಲಕ್ಕಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಕೈಯಾಡಿಸಿ. ಮಂಚ ತುಂಬಿ ಮಳೆಯೂ ನಿಲ್ಲದಿದ್ದರೆ, ತೊಳೆದ ಪಾರ್ಚ್‌ಮೆಂಟನ್ನು ರಾಶಿ ಹಾಕುವ ಬದಲು ತೊಟ್ಟಿಯ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು ನೀರು ಬದಲಾಯಿಸುತ್ತಿರಿ. ಒಂದು ದಿನದ ಮಟ್ಟಿಗೆ ಇದು ನಿಭಾಯಿಸುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಮಂಚಕ್ಕೆ ಹಿಡಿಯುವಷ್ಟೇ ಕೊಯ್ಯಿಸುವುದು ಎಲ್ಲಕ್ಕಿಂತ ಸುಲಭ, ಆಳುಗಳು ಸಿಕ್ಕ ದಿನ ಅದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ.

ಕುತೂಹಲ ತಣಿಯದಿದ್ದರೆ ಎರಡು ಕಿಲೊ ಅರೆ ಒಣಗಿದ ಪಾರ್ಚ್‌ಮೆಂಟನ್ನು ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಹೊಟ್ಟು ಆರಿಸಿ, ಒಣಗಿಸಿ ಹುರಿದು ಕುಡಿದು ನೋಡಿ. ಖರ್ಚಿಲ್ಲ.

ಗಾಯೋದಲ್ಲಿ ಯಾವ ಕಾಫಿ ತಳಿಗಳಿವೆ ಎಂದು ಕೆಳಗೆ ಯಾರೋ ಕೇಳಿದ್ದಾರೆ. ಅಲ್ಲಿ ತಿಮ್‌ತಿಮ್ ಎನ್ನುವುದು ಟಿಮೋರ್ ಹೈಬ್ರಿಡ್ (ಅರೇಬಿಕಾ, ರೊಬಸ್ಟಾ ತಾವಾಗಿ ಬೆರೆತ ತಳಿ), ಆತೆಂಗ್ ಎನ್ನುವುದು ಅದರಿಂದ ಬಂದ ಮಿಶ್ರತಳಿ ಕ್ಯಾಟಿಮೋರ್. ನಮ್ಮ ಕಾವೇರಿ ತಳಿಯೂ ಕ್ಯಾಟಿಮೋರ್ ಬಳಗದ್ದೇ, ಚಂದ್ರಗಿರಿ ತಳಿಯಲ್ಲೂ ಟಿಮೋರ್ ರಕ್ತವಿದೆ. ಹಾಗೆಯೇ ಕೊಪ್ಪದ ಪಕ್ಕದ ಬಾಳೆಹೊನ್ನೂರಿನಲ್ಲಿ 1940ರ ದಶಕದಲ್ಲಿ ರೂಪುಗೊಂಡ ಎಸ್.795 ಎಂಬ ಅರೇಬಿಕಾ ತಳಿ ಇಂಡೊನೇಷ್ಯಾದ ಹಲವು ಬೆಟ್ಟಗಳಲ್ಲಿದೆ, ಅಲ್ಲಿ ಅದಕ್ಕೆ ಜೆಂಬರ್ ಎಂಬ ಹೆಸರೂ ಇದೆ. ಇನ್ನೂ ಹಿಂದಕ್ಕೆ ಹೋದರೆ, ಡಚ್ಚರು 1696ರಲ್ಲಿ ಮತ್ತು 1699ರಲ್ಲಿ ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ನಮ್ಮ ಮಲಬಾರ್ ಕರಾವಳಿಯಿಂದಲೇ. ಮೊದಲ ಸಲದ್ದು ನೆರೆಗೆ ಹೋಯಿತು, ಎರಡನೆಯದು ನಿಂತಿತು.

ಹೋಗಿ ನೋಡುವುದಿದ್ದರೆ: ಸುಮಾತ್ರಾದ ದೊಡ್ಡ ನಗರ ಮೇಡಾನ್‌ನಿಂದ ರಾತ್ರಿ ಬಸ್ಸು, ಇಲ್ಲವೇ ಹತ್ತಿರದ ರೆಂಬೆಲೆಯ ಚಿಕ್ಕ ವಿಮಾನ ನಿಲ್ದಾಣ. 2025ರ ನವೆಂಬರ್ ಕೊನೆಯ ಪ್ರವಾಹ, ಭೂಕುಸಿತಗಳಲ್ಲಿ ಆ ಕಡೆಯ ರಸ್ತೆ, ಸೇತುವೆಗಳಿಗೆ ದೊಡ್ಡ ಪೆಟ್ಟು ಬಿದ್ದಿತ್ತು, ಹೊರಡುವ ಮೊದಲು ದಾರಿಯ ಸ್ಥಿತಿ ವಿಚಾರಿಸಿಕೊಳ್ಳಿ. 'ಆಚೆ' ಪ್ರಾಂತ್ಯದಲ್ಲಿ ಷರಿಯಾ ನಿಯಮಗಳಿವೆ. ಉಡುಪಿನ ಮೇಲೆ ನಿಗಾ ಇರಲಿ, ಮದ್ಯದ ಮಾತೇ ಬೇಡ. ಮನೆಯವರು ಕೊಟ್ಟ ಕಪ್ಪು ಕಾಫಿಯನ್ನು ತಾಳೆಬೆಲ್ಲದ ಚೂರು ಕಚ್ಚಿಕೊಂಡು ಕುಡಿಯಿರಿ, ಹಾಲು ಕೇಳಬೇಡಿ. ನಾನು ಕೇಳಿದ್ದೆ, ಅಜ್ಜಿ ಒಳಗೆ ಹೋಗಿ ಕಂಡೆನ್ಸ್ಡ್ ಹಾಲಿನ ಡಬ್ಬಿ ಹುಡುಕುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡರು.

ಮಂಚದ ಅಳತೆ ಬರೆದಿಟ್ಟ ಚೀಟಿ ಮನೆಯಲ್ಲಿದೆ. ಬೇಕಾದವರು ಹೇಳಿ, ಫೋಟೊ ತೆಗೆದು ಹಾಕುತ್ತೇನೆ.